ಸರಿ, ತಪ್ಪು, ಗೊತ್ತಿಲ್ಲ

ರಾಜಧಾನಿಯಿಂದ ಬಂದ ಹುಡುಗ
ಬೂಟಿನ ಕೆಸರನ್ನು ಮೆಟ್ಟಿಲಿಗೆ ಒರೆಸಿ
ನಾಲ್ಕು ಹಾಳೆ ಕೊಟ್ಟ. ಪೆನ್ನೂ ಅವನದೇ.
"ಹೆಸರು ಬರೆಯಬೇಡಿ, ಸಿಸ್ಟರ್ ಕಬುಘೋ,
ಗುರುತು ಹಾಕಿದರೆ ಸಾಕು."
ಬರೆದರೂ ಏನಂತೆ, ಮೂರನೆಯ ಹೆಣ್ಣಿಗೆಲ್ಲ ಇದೇ ಹೆಸರು,
ಈ ಕಣಿವೆಯಲ್ಲಿ ಕೂಗಿದರೆ
ನೂರು ಬಾಗಿಲು ತೆರೆದಾವು.

ಕಿಟಕಿಯಾಚೆ ರುವೆಂಝೋರಿಗೆ ಮೋಡ ಕವಿದಿತ್ತು,
ಮೇಲೆ ಹಿಮವಿದೆಯೆಂದು ನಂಬಬೇಕು, ಅಷ್ಟೆ.
ತಂತಿಯ ಮೇಲೆ ತೊಳೆದು ಹರವಿದ ಕೈಗವಸುಗಳು
ಐದೈದು ಬೆರಳು ಇಳಿಬಿಟ್ಟು ತೂಗುತ್ತಿದ್ದವು.
ಒಮ್ಮೆ ತೊಟ್ಟದ್ದನ್ನು ಎಸೆಯಬೇಕು:
ಅದು ಆರನೆಯ ಪ್ರಶ್ನೆ. ಸರಿ ಎಂದೆ.
ಹುಡುಗ ತಂತಿಯ ಕಡೆ ನೋಡಲಿಲ್ಲ. ಒಳ್ಳೆಯವನು.

ಮುಟ್ಟಿದರೆ ಹರಡುತ್ತದೆ. ಸರಿ.
ಸತ್ತ ಮೇಲೂ ಮೈಯಲ್ಲಿ ಉಳಿದಿರುತ್ತದೆ. ಸರಿ.
ಶಾಪದಿಂದ ಬರುತ್ತದೆ.
ತಪ್ಪು ಎಂದು ಬರೆದೆ, ತಡಮಾಡದೆ,
ಅಮ್ಮ ಸೊಂಟಕ್ಕೆ ಕಟ್ಟಿದ ದಾರ
ಸಮವಸ್ತ್ರದೊಳಗೆ ಕಚ್ಚುತ್ತಿದ್ದರೂ.

ಈ ರೋಗದ ಬಗ್ಗೆ ನಿಮಗೆ ತಿಳಿದದ್ದು ಎಲ್ಲಿಂದ?
ರೇಡಿಯೊ, ತರಬೇತಿ, ಸಹೋದ್ಯೋಗಿ, ಇತರೆ.
ಇತರೆಯ ಮುಂದೊಂದು ಗೆರೆ, ಗೇಣುದ್ದವೂ ಇಲ್ಲ.
ಅಷ್ಟರೊಳಗೆ ಮಸಿಕಾಳನ್ನು ಹೇಗೆ ಮಲಗಿಸಲಿ?
ರಾತ್ರಿಪಾಳಿಯಲ್ಲಿ ಲಾರಿ ಚಾಲಕನೊಬ್ಬನ ವಾಂತಿ ಒರೆಸಿದಳು,
ಮಲೇರಿಯಾ ಅಂದುಕೊಂಡು; ನಾವೂ ಅಂದುಕೊಂಡೆವು.
ವಾರ ಕಳೆದು, ಔಷಧಿ ಕಪಾಟಿನ ಗಾಜಿನಲ್ಲಿ
ತನ್ನ ಕೆಂಪು ಕಣ್ಣು ತಾನೇ ನೋಡಿಕೊಂಡು
"ಇದು ಮಲೇರಿಯಾ ಅಲ್ಲ ಕಣೇ" ಅಂದಳು.
ಆಗಿನ್ನೂ ರೋಗಕ್ಕೆ ಹೆಸರು ಬಂದಿರಲಿಲ್ಲ.
ಹೆಸರು ಬಂದದ್ದು, ಅವಳ ಚೀಲದ ಝಿಪ್ಪು ಎಳೆದ ದಿನ.
ತರಬೇತಿ, ಆಮೇಲಿನ ಸೋಮವಾರ.
ಚಹಾ ಕೊಟ್ಟರು. ಪ್ರಯಾಣಭತ್ಯೆ ಇನ್ನೂ ಬಂದಿಲ್ಲ.

ಹದಿನಾಲ್ಕು:
ಶಂಕಿತ ರೋಗಿಯನ್ನು ಕವಚವಿಲ್ಲದೆ ಮುಟ್ಟಬಹುದು.
ತಪ್ಪು. ತಪ್ಪೇ.
ಗಡಿಯಾಚೆಯಿಂದ ನಡೆದುಬಂದ ಬಸುರಿ
ಸುಡುವ ಮೈಯಲ್ಲಿ ನಮ್ಮ ಬಾಗಿಲಿಗೇ ಕುಸಿದಳು.
ಕವಚ ತೊಡಲು ಹನ್ನೆರಡು ನಿಮಿಷ ಬೇಕು,
ಗೋಡೆಯ ಮೇಲೆ ಚಿತ್ರಗಳಿವೆ, ಮೊದಲು ಬೂಟು,
ಕೊನೆಗೆ ಕನ್ನಡಕ.
ಮಗುವಿನ ತಲೆ ಕೊಟ್ಟದ್ದು ಎರಡೇ ನಿಮಿಷ.
ಅವಳ ರಕ್ತ ಸೀಸೆಯಲ್ಲಿ ರಾಜಧಾನಿಗೆ ಹೋಯಿತು,
ಅವಳು ಮಗುವನ್ನೆತ್ತಿಕೊಂಡು ಇರುಳಿನಲ್ಲೇ ಹೊಳೆ ದಾಟಿದಳು.
ಎರಡರ ಸುದ್ದಿಯೂ ಇಲ್ಲ.
ಇವತ್ತಿಗೆ ಹನ್ನೊಂದು ದಿನ. ಇಪ್ಪತ್ತೊಂದಕ್ಕೆ ಹತ್ತು ಬಾಕಿ.
ಮನೆಯಲ್ಲಿ ಹೊಟ್ಟೆನೋವೆಂದು ಹೇಳಿ
ಬೇರೆ ಚಾಪೆಯಲ್ಲಿ ಮಲಗುತ್ತೇನೆ,
ಕಂಕುಳಲ್ಲಿ ಥರ್ಮಾಮೀಟರ್.

ಕೊನೆಯ ಪ್ರಶ್ನೆ: ನಿಮಗೆ ಸೋಂಕು ತಗಲುವ ಸಾಧ್ಯತೆ
ಎಷ್ಟೆಂದು ನಿಮಗನಿಸುತ್ತದೆ?
ಅನಿಸುವುದಕ್ಕೆ ಐದು ಚೌಕ.
ಒಂದನ್ನೂ ತುಂಬಲಿಲ್ಲ.

ಕ್ಲೋರಿನ್ ಕಲಸುತ್ತಿದ್ದ ಮುಹಿಂಡೋ ಕೇಳಿದ:
"ನನಗೆ ಹಾಳೆ ಇಲ್ಲವಾ?"
"ಇದು ಆರೋಗ್ಯ ಸಿಬ್ಬಂದಿಗೆ ಮಾತ್ರ" ಅಂದ ಹುಡುಗ, ಮೆಲ್ಲಗೆ.
ಮುಹಿಂಡೋ ಬಕೀಟಿನ ಮೇಲೆ ಮೂಗಿಟ್ಟು
ಇನ್ನರ್ಧ ಚಮಚ ಹಾಕಿದ.
ಆ ದಿನ ಬಾಗಿಲಿನ ರಕ್ತ ಒರೆಸಿದವನು ಅವನೇ.
ಯಾರಿಗೂ ಹೇಳಲಿಲ್ಲ. ಮರುದಿನದಿಂದ
ನನ್ನ ಚಹಾ ಬೇರೆ ಲೋಟದಲ್ಲಿ ಕಿಟಕಿಗೆ ಬರುತ್ತದೆ,
ತಾನು ಎರಡು ಮಾರು ದೂರ ಕೂರುತ್ತಾನೆ.
ಕೂರುತ್ತಾನೆ.

ಹುಡುಗ ಎಣಿಸಿದ. "ಹತ್ತೊಂಬತ್ತಕ್ಕೆ ಹತ್ತೊಂಬತ್ತು ಸರಿ, ಸಿಸ್ಟರ್!
ಗೊತ್ತಿಲ್ಲ ಅಂತ ಒಂದು ಕಡೆಯೂ ಇಲ್ಲ.
ಇದೊಂದು ಬಿಟ್ಟುಹೋಗಿದೆ."
ಹೌದಾ, ಅಂದೆ.
ಅಭ್ಯಾಸಬಲಕ್ಕೆ ಕೈ ಚಾಚಿದ, ನೆನಪಾಗಿ ಮಡಚಿಕೊಂಡ.
ಪೆನ್ನು ಕೊಡಹೋದೆ.
"ಇರಲಿ, ಇಟ್ಟುಕೊಳ್ಳಿ" ಎಂದ, ಹೆಜ್ಜೆ ಹಿಂದಿಟ್ಟು.

ಮುಹಿಂಡೋ ಅದನ್ನು ಬಟ್ಟೆಯಲ್ಲಿ ಹಿಡಿದು
ಬಕೀಟಿನಲ್ಲಿ ಅದ್ದಿ, ಝಾಡಿಸಿ,
ಕಿವಿಯ ಮೇಲೆ ಸಿಕ್ಕಿಸಿಕೊಂಡ.
ಬಕೀಟಿನ ಮೇಲೆ ತಾರೀಖು ಬರೆಯಲಿಕ್ಕೆ
ಬೇಕಾಗಿತ್ತಂತೆ, ಎಷ್ಟು ದಿನದಿಂದಲೋ.