ಸುಣ್ಣದ ಗೆರೆ

ಮಂಡ್ಯದ ಹೊಸ ಅಂಕಣಕ್ಕೆ ಸುಣ್ಣ ಬೇಡ,
ಗೆರೆಯೆಲ್ಲ ಮ್ಯಾಟಿನಲ್ಲೇ ಅಚ್ಚಾಗಿ ಬಂದಿದೆ.
‘ಬೋರಲಿಂಗಣ್ಣ, ನೀನಿನ್ನು ಬಾಗಿಲು ಕಾಯಿ’ ಅಂದರು.

ಮೊದಲ ಪಂದ್ಯಕ್ಕೇ ಕರೆಂಟು ಹೋಯ್ತು.
ಕತ್ತಲಲ್ಲಿ ಒಂದೇ ಒಂದು ಉಸಿರು:
ಕಬಡ್ಡಿ ಕಬಡ್ಡಿ ಕಬಡ್ಡಿ
ನಮ್ಮ ಚಿಕ್ಕಮರಿ, ದೀಪ ಬರುವ ತನಕ ಬಿಡಲಿಲ್ಲ.

ಆಮೇಲೆ ಸೋತೆವು. ಸಾಲಾಗಿ ಆರು.
ಎದೆಯ ಮೇಲೆ ಸಿಮೆಂಟ್ ಕಂಪನಿಯ ಹೆಸರು,
ಮಂಡಿಯಲ್ಲಿ ಚರ್ಮವಿಲ್ಲ.
‘ಮಣ್ಣು ಅಂಟ್ಕೊಳ್ತಿತ್ತು ಕಣಣ್ಣ, ಇದು ಕಿತ್ಕೊಳ್ತದೆ’
ಎಂದ, ಕೊಬ್ಬರಿ ಎಣ್ಣೆ ಸವರುತ್ತ.
ಕಿಟಕಿಯಲ್ಲಿ ಸಕ್ಕರೆ ಕಾರ್ಖಾನೆಯ ಘಾಟು.

ಕೊನೆಯ ಪಂದ್ಯ, ಕೊನೆಯ ದಾಳಿ.
ಅಂಚು ತುಳಿದನೋ ಇಲ್ಲವೋ,
ಪರದೆಯಲ್ಲಿ ಮೂರು ಸಲ ಓಡಿಸಿ ನೋಡಿದರು.
ನಾನು ನೋಡಿದ್ದು ಅವನ ಬರಿಯ ಬೂಟು.

ಸುಣ್ಣವಿದ್ದಿದ್ದರೆ
ಹೆಬ್ಬೆರಳೇ ಹೇಳಿಬಿಡುತ್ತಿತ್ತು.

ಗೆದ್ದೆವಂತೆ.
ಗೇಟಿನವರೆಗೆ ಕೇಳಿಸಿತು.