ಎಲೆಯ ಹಿಂಬದಿ

ಯಾರ ಗೋಜಿಗೂ ಹೋಗದವಳು ಶಾ ಯೂಝೆನ್,
ಬೆಳೆಯುವುದು ಮಾತ್ರ ಗೋಜಿ.
ಝೋಂಗ್‌ನಿಂಗಿನ ಹೊರಗೆ, ಹಳದಿ ನದಿಯ ಕಾಲುವೆ
ಕೊನೆಯ ಸಲ ಹೊರಳುವಲ್ಲಿ
ಹನ್ನೊಂದು ಸಾಲು ಗಿಡ.
ಹಣ್ಣು ಕೆಂಪೇರುವ ಹೊತ್ತಿಗೆ ಫೋನು ಮಾಡಿದಳು:
"ಎಲೆಗೇನೋ ಆಗಿದೆ. ಔಷಧಿ ತಗೊಂಡು ಬಾ."

ಔಷಧಿ ಒಯ್ಯಲಿಲ್ಲ ನಾನು.
ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ,
ಬಿಳಿ ಕಾಗದ, ಬ್ಲೇಡು, ಸಣ್ಣದೊಂದು ಗುದ್ದಲಿ.
ಇಪ್ಪತ್ತೆರಡು ವರ್ಷದ ನೌಕರಿ ಕಲಿಸಿದ್ದು ಇಷ್ಟು:
ಎಲೆ ಸುಳ್ಳಾಡುವುದಿಲ್ಲ,
ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ.

ಮೊದಲ ಸಾಲು ಹಳದಿ.
ನರಗಳು ಹಸಿರು, ನಡುವಿನ ಜಾಗವೆಲ್ಲ
ಹಳೆಯ ಪತ್ರಿಕೆಯ ಬಣ್ಣ, ಚಿಗುರಿನಲ್ಲೇ ಹೆಚ್ಚು.
ಇದು ಉಣ್ಣಲು ಇಲ್ಲದ ಹಸಿವಲ್ಲ;
ತಟ್ಟೆ ಮುಂದಿದೆ, ಬಾಯಿ ಕಟ್ಟಿದೆ.
ಚೌಳು ಮಣ್ಣು ಕಬ್ಬಿಣವನ್ನು ಮುಷ್ಟಿಯಲ್ಲಿ ಹಿಡಿದು
ಬೇರಿಗೆ ಬಿಟ್ಟುಕೊಡುತ್ತಿಲ್ಲ.
ಗುದ್ದಲಿ ಹಾಕಿದೆ. ಒಂದು ಗೇಣು ಕೆಳಗೆ ಕೆಸರು,
ಮುಗ್ಗಲು ವಾಸನೆ.
"ನೀರು ಎಷ್ಟು ದಿನಕ್ಕೊಮ್ಮೆ?"
"ಕಾಲುವೆ ಬಂದಾಗಲೆಲ್ಲ. ಬಿಟ್ಟರೆ ಪಾಲು ಬೇರೆಯವರಿಗೆ ಹೋಗುತ್ತದೆ."
"ಯಾರಿಗೆ?"
ಅವಳು ತಲೆಯ ಬಿಳಿ ಟೊಪ್ಪಿಗೆ ಸರಿಮಾಡಿಕೊಂಡಳು.

ನಾಲ್ಕನೆಯ ಸಾಲಿನಲ್ಲಿ ಎಲೆಗೆಲ್ಲ ಬಿಳಿ ಪುಡಿ.
"ಹಿಟ್ಟು," ಎಂದ ಮೊಮ್ಮಗ.
ಬೆರಳಲ್ಲಿ ಒರೆಸಿದೆ. ಧೂಳಾಗಿದ್ದರೆ
ಕೆಳಗೆ ಹೊಳೆಯುವ ಹಸಿರು ಸಿಗಬೇಕಿತ್ತು;
ಮಂಕು ಮಚ್ಚೆಯೊಂದು ಉಳಿಯಿತು.
ಬೂದಿರೋಗ, ಮಗೂ. ಕೊಂಬೆಗಳು ಒಂದನ್ನೊಂದು
ತಬ್ಬಿ ನಿಂತಿವೆ, ಗಾಳಿಗೆ ದಾರಿಯಿಲ್ಲ.
ಅವನು ಬೆರಳನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡ.

ಒಂಬತ್ತನೆಯ ಸಾಲಿನಿಂದ ಸಿಡುಬು.
ಹುರುಳಿಕಾಳಿನಷ್ಟು ಕಪ್ಪುನೇರಳೆ ಗಂಟುಗಳು,
ತಿರುಚಿದ ಎಲೆ ತನ್ನನ್ನು ತಾನೇ ಮರೆಮಾಚುತ್ತಿದೆ.
ಒಂದನ್ನು ಸೀಳಿ ಕಾಗದಕ್ಕೆ ಕೊಡವಿ
ಭೂತಗನ್ನಡಿ ಅವಳ ಕೈಗಿತ್ತೆ.
"ಏನೂ ಇಲ್ಲ."
ಇನ್ನೂ ನೋಡು.
"ಧೂಳು... ಅಯ್ಯೋ, ನಡೆಯುತ್ತಿದೆ."

ನುಸಿ. ಚಳಿಗಾಲವನ್ನದು ಒಂಟಿಯಾಗಿ ಕಳೆಯುವುದಿಲ್ಲ;
ಜಿಗಿಹೇನಿನ ಮೈಗೆ ಅಂಟಿಕೊಂಡು
ತೊಗಟೆಯ ಬಿರುಕಿನಲ್ಲಿ, ಉದುರಿದೆಲೆಯ ಅಡಿಯಲ್ಲಿ
ಬೆಚ್ಚಗಿದ್ದು, ಚಿಗುರಿನ ದಿನ ಇಳಿಯುತ್ತದೆ.
ಎಣಿಸುತ್ತ ಹೋದೆ. ಒಂಬತ್ತರಲ್ಲಿ ರೆಂಬೆಗೆ ಮೂರು ಗಂಟು.
ಹತ್ತರಲ್ಲಿ ಇಪ್ಪತ್ತು.
ಹನ್ನೊಂದರಲ್ಲಿ ಲೆಕ್ಕ ಬಿಟ್ಟೆ, ತಲೆ ಎತ್ತಿದೆ.
ಬದುವಿನ ಗುಂಡಿಯಾಚೆ ಆರು ಸಾಲು,
ನೀರಿಲ್ಲದೆ ಬೂದುಬಣ್ಣಕ್ಕೆ ತಿರುಗಿದ್ದು,
ಮೂರು ವರ್ಷದಿಂದ ಕತ್ತರಿ ಕಂಡಿಲ್ಲ.
"ಅದು ಯಾರದು?"
"ಯೂಹೈಯದು," ಎಂದ ಹುಡುಗ, "ಅಜ್ಜಿಯ ತಮ್ಮ."
ಅಜ್ಜಿ ಒಳಗೆ ಹೋಗಿ ಚಹಾ ತಂದಳು,
ಲೋಟದಲ್ಲಿ ಕಳೆದ ವರ್ಷದ ಒಣಹಣ್ಣು ತೇಲುತ್ತಿತ್ತು.
ಗೋಡೆಯ ಮೊಳೆಯಲ್ಲಿ ತೂಬಿನ ಕೀಲಿ,
ಹಳೆಯದು, ಇಬ್ಬರ ಅಪ್ಪನ ಕಾಲದ್ದು.

ಕಾಗದದ ಬೆನ್ನಿಗೆ ಬರೆದುಕೊಟ್ಟೆ:
ನೀರು ಅರ್ಧ ಸಾಕು. ಹಣ್ಣು ಕೀಳುವ ತನಕ
ಯಾವ ಸಿಂಪಡಣೆಯೂ ಬೇಡ, ತಿನ್ನುವವರು ಮನುಷ್ಯರು.
ಗಂಟೆದ್ದ ತುದಿಗಳನ್ನು ಚಿವುಟಿ ಚೀಲಕ್ಕೆ ಹಾಕು, ನೆಲಕ್ಕಲ್ಲ.
ಚಳಿಯ ಕೊನೆಗೆ, ಮೊಗ್ಗು ಕಣ್ಣು ಬಿಡುವ ಮುಂಚೆ
ಒಳಗೊಂಬೆ ಕತ್ತರಿಸು, ಬಿದ್ದದ್ದನ್ನು ಗುಡಿಸಿ ಸುಡು,
ಆಮೇಲೆ ಸುಣ್ಣ ಗಂಧಕ ಕುದಿಸಿದ ನೀರು,
ಹದಿನೇಳು ಸಾಲಿಗೂ.

"ನನ್ನದು ಹನ್ನೊಂದು."
"ನುಸಿಗೆ ಹದಿನೇಳು."

ಮಾರ್ಚ್ ಮೊದಲ ವಾರ ಆ ದಾರಿಯಲ್ಲಿ ಬಂದೆ.
ಗುಂಡಿಗೆ ಅಡ್ಡ ಒಂದು ಹಲಗೆ ಬಿದ್ದಿತ್ತು.
ಆಚೆ ಮೂರು ಸಾಲು ಓರಣ, ಕೊಂಬೆಗಳ ನಡುವೆ ಆಕಾಶ;
ಉಳಿದ ಮೂರು ಹಾಗೇ ಕೆದರಿದ ತಲೆ.
"ಅರ್ಧ ಮಾಡಿದ್ದೇನೆ," ಎಂದಳು ಯೂಝೆನ್, ಗರಗಸ ಒರೆಸುತ್ತ.
"ಮಿಕ್ಕದ್ದಕ್ಕೆ ಅವನಿಗೂ ಕೈಯಿದೆ."
ಮೊಳೆಯಲ್ಲಿ ಕೀಲಿ ಇರಲಿಲ್ಲ. ನಾನು ಕೇಳಲಿಲ್ಲ.

ಹನ್ನೊಂದನೆಯ ಸಾಲಿನ ಮೊಗ್ಗೊಂದಕ್ಕೆ
ಭೂತಗನ್ನಡಿ ಹಿಡಿದೆ.
ಬಿಗಿಯಾಗಿ ಮುಚ್ಚಿತ್ತು,
ಇನ್ನೂ ಏನನ್ನೂ ಹೇಳುವ ಹಾಗಿರಲಿಲ್ಲ.