ಪೀಠದ ಬಟ್ಟೆ

ನಾನು ಎದುವೀಹೆಸ್, ಇಗರ್ಜಿಯ ಬಟ್ಟೆ ಒಗೆಯುವವಳು.
ಮೂವತ್ತೆರಡು ವರ್ಷದಲ್ಲಿ ಶನಿವಾರ ತಪ್ಪಿಸಿದವಳಲ್ಲ,
ಹೆರಿಗೆಯ ಎರಡು ಶನಿವಾರ ಬಿಟ್ಟರೆ.
ಆಂದಿಸ್ ಬೆಟ್ಟದ ನೀರು ಬೆರಳು ಕಚ್ಚುತ್ತದೆ,
ಸಾಬೂನು ನೊರೆಯೇಳಲು ಒಲ್ಲೆನ್ನುತ್ತದೆ,
ಆಮೇಲೆ ತಂತಿ, ಆಮೇಲೆ ಗಾಳಿ.
ಗಾಳಿ ಕುಲುಮೆಯ ದಿಕ್ಕಿಂದ ಬಂದರೆ
ಬಿಳಿ ನಾರುಬಟ್ಟೆಯ ತುಂಬ ಸಣ್ಣ ಸಣ್ಣ ತೂತು.
ನುಸಿ, ಅಂತಾರೆ ಕಂಪನಿಯವರು.
ಇಷ್ಟು ಎತ್ತರದಲ್ಲಿ ನುಸಿ ಬದುಕುವುದಿಲ್ಲ.
ಬದುಕುವುದು ನಾವು, ನಮ್ಮ ಲಾಮಾಗಳು.

ಆ ಚಿಮಣಿ ನಮ್ಮ ಗಂಟೆಗೋಪುರದ ಹನ್ನೊಂದು ಪಟ್ಟು.
ನೆರಳನ್ನು ಹೆಜ್ಜೆಯಲ್ಲಿ ಅಳೆದು ಹೇಳಿದ್ದು ನನ್ನ ಗಂಡ.
ಅದರ ಬುಡದಲ್ಲೇ ಸೀಸ ಕರಗಿಸಿದ, ಹತ್ತೊಂಬತ್ತು ವರ್ಷ.
ನಮ್ಮ ಮಡಕೆಗೆ ಆಲೂಗಡ್ಡೆ ಬಂದದ್ದು ಅದರಿಂದಲೇ,
ಸುಳ್ಳು ಹೇಳಿ ಪೀಠದ ಹತ್ತಿರ ಹೋಗಲಾರೆ.
ಅವನ ಶವದ ಪೆಟ್ಟಿಗೆ ಬಂದದ್ದೂ ಅದರಿಂದಲೇ,
ಕಂಪನಿಯ ಖರ್ಚು, ಹಿತ್ತಾಳೆ ಹಿಡಿಕೆ.

ಲೀಮಾದಿಂದ ದಾದಿ ಬಂದಳು, ಸೂಜಿಯ ಡಬ್ಬಿ ಹೊತ್ತು.
ಮಗುವಿಗೊಂದು ಅಂಕಿ ಕೊಟ್ಟು ಹೋದಳು.
ನನಗೆ ಓದು ಬಾರದು, ಅಂಕಿ ಬರುತ್ತದೆ, ಸಂತೆಯಲ್ಲಿ ಕಲಿತದ್ದು.
ರಕ್ತದಲ್ಲಿ ಸೀಸ ಐದು ದಾಟಬಾರದಂತೆ.
ನೆಲಿದಾಳ ಕಿರಿಯದಕ್ಕೆ ಇಪ್ಪತ್ತೆಂಟು.
ನನ್ನ ಮೊಮ್ಮಗ ರೋಯ್ಸೆರನಿಗೆ ನಲವತ್ತೊಂದು.
ಏಳು ತುಂಬಿದೆ ಅವನಿಗೆ. ಸ್ವಂತ ಹೆಸರಿನ ಅಕ್ಷರ
ಬೆಳಿಗ್ಗೆ ಕಲಿತದ್ದು ಸಂಜೆಗೆ ಇರುವುದಿಲ್ಲ.

ಮಕ್ಕಳ ಕೈ ತೊಳೆಸಿ ಅಂದರು ಕಂಪನಿಯವರು,
ಮನೆಮನೆಗೆ ಸಾಬೂನು ಹಂಚಿದರು, ನಿಂಬೆ ವಾಸನೆಯದು.
ತೊಳೆಸಿದೆವು.
ಹಿಂದೆ ಕೈ ತೊಳೆದುಕೊಂಡವನು ಯಾರೆಂದು
ಪ್ರತಿ ಶುಭ ಶುಕ್ರವಾರ ಕೇಳಿಸಿಕೊಳ್ಳುತ್ತೇವಲ್ಲ,
ಆವತ್ತು ಯಾರಿಗೂ ನೆನಪಾಗಲಿಲ್ಲ.

ಆಮೇಲೆ ಎಂಜಿನಿಯರನ ಹೆಂಡತಿ ದೆಲ್ಫೀನಾ
ಹೊಸ ಪೀಠವಸ್ತ್ರ ತಂದುಕೊಟ್ಟಳು, ಸಮುದ್ರದಾಚೆಯದು,
ಅಂಚಿಗೆ ಗೋಧಿತೆನೆ, ದ್ರಾಕ್ಷಿಗೊಂಚಲು, ಕೈಕಸೂತಿ.
ಒಳ್ಳೆಯವಳು. ಕೊಡುವಾಗ ಕಣ್ಣು ಒದ್ದೆಯಿತ್ತು.
ಇದನ್ನು ಒಳಗೇ ಒಣಗಿಸು ಎದುವೀಹೆಸ್, ಅಂದಳು,
ಹೊರಗೆ ಬೇಡ.

ಅವಳಿಗೆ ಗೊತ್ತಿತ್ತು.

ಒಂಬತ್ತು ದಿನ ತಂತಿಗೆ ಹಾಕಿದೆ, ನವೇನದ ಹಾಗೆ,
ದಿನಕ್ಕೊಮ್ಮೆ ನೀರು ಚಿಮುಕಿಸಿ,
ಮುಖ ಕುಲುಮೆಗೆ ತಿರುಗಿಸಿ.
ಪಾಪವೋ ಏನೋ. ತಪ್ಪೊಪ್ಪಿಗೆಯಲ್ಲಿ ಹೇಳಿಲ್ಲ, ಇನ್ನೂ.
ಭಾನುವಾರ ಪೀಠಕ್ಕೆ ಹಾಸಿದೆ.
ದ್ರಾಕ್ಷಿಯೊಳಗಿಂದ ಹಲಗೆ ಕಾಣುತ್ತಿತ್ತು.

ಪಾದ್ರಿ ತೆಯೋದೂಲೊ ಕೈ ನಡುಗುವ ಮುದುಕರು.
ರೊಟ್ಟಿ ಮುರಿದಾಗ ಒಂದು ಚೂರು
ತೂತಿನಲ್ಲಿ ಇಳಿದು, ಹಲಗೆಯ ಸಂದಿನಲ್ಲಿ ಇಳಿದು
ನೆಲ ಸೇರಿತು. ಪೂಜೆ ನಿಂತಿತು.
ಮೊಣಕಾಲೂರಿದರು, ಕನ್ನಡಕ ತೆಗೆದು, ಮತ್ತೆ ಹಾಕಿ,
ಬೆರಳ ತುದಿ ಒದ್ದೆ ಮಾಡಿಕೊಂಡು ಹುಡುಕಿದರು.
ಇಡೀ ಇಗರ್ಜಿ ಉಸಿರು ಹಿಡಿದಿತ್ತು,
ಮೊದಲ ಸಾಲಿನ ದೆಲ್ಫೀನಾಳೂ.
ಸಾಸಿವೆಯಷ್ಟು ಚೂರು, ಆದರೂ ಅವನ ದೇಹ,
ಧೂಳಿಗೆ ಬಿಡಬಾರದು.

ಆಗ ನನ್ನ ಬಾಯಿ ತಾನೇ ತೆರೆಯಿತು.
ರೋಯ್ಸೆರ್, ನಲವತ್ತೊಂದು, ಅಂದೆ.
ಹಿಂದಿನಿಂದ ನೆಲಿದಾ: ಯಾಹಾಯ್ರಾ, ಇಪ್ಪತ್ತೆಂಟು.
ಕಂಬದ ಮರೆಯಿಂದ ಯಾರೋ ಗಂಡಸು: ವಿಲ್ದೆರ್, ಮೂವತ್ತಾರು.
ಸಂತರ ಹೆಸರು ಕರೆಯುವ ರಾಗದಲ್ಲೇ ಬಂತು,
ನಮಗೆ ಬೇರೆ ರಾಗ ಗೊತ್ತಿಲ್ಲ.
ಪಾದ್ರಿ ಏಳಲಿಲ್ಲ. ಚೂರು ಸಿಕ್ಕ ಮೇಲೂ
ಮೊಣಕಾಲ ಮೇಲೇ ಇದ್ದರು,
ಕಡೆಯ ಹೆಸರು ಮುಗಿಯುವ ತನಕ.

ಚಿಮಣಿ ಈಗಲೂ ಹೊಗೆಯುಗುಳುತ್ತಿದೆ.
ರಾಜಧಾನಿಗೆ ಕಾಗದ ಹೋಗಿದೆ, ಇನ್ನೂರು ಹೆಬ್ಬೆಟ್ಟಿನದು,
ಅದರಲ್ಲಿ ಆರು ಹೆಬ್ಬೆಟ್ಟಿಗೆ ಮರುವಾರವೇ ಕೆಲಸ ಹೋಯಿತು.
ಅವರ ಮನೆಗೆ ಸರದಿಯಲ್ಲಿ ಸೂಪು ಹೋಗುತ್ತಿದೆ, ನಮ್ಮದು ಗುರುವಾರ.
ಬಟ್ಟೆಗೆ ತೇಪೆ ಹಾಕಲೇ ಅಂದೆ. ಬೇಡ ಅಂದರು ಪಾದ್ರಿ.

ಹೋದ ಶನಿವಾರ ದೆಲ್ಫೀನಾ ಬಂದಳು,
ಉಂಗುರ ತೆಗೆದು ಕಲ್ಲಿನ ಮೇಲಿಟ್ಟು
ಹಿಂಡುವಾಗ ಇನ್ನೊಂದು ತುದಿ ಹಿಡಿದಳು.
ನಾನು ಈ ಕಡೆ ತಿರುಚಿದೆ, ಅವಳೂ ಈ ಕಡೆಗೇ.
ಅವಳಿಗೆ ಹಿಂಡಲು ಬರುವುದಿಲ್ಲ.
ಅರ್ಧ ನೀರು ಅವಳ ಬೂಟಿನೊಳಗೇ ಇಳಿಯಿತು, ಬೂದು ನೀರು.